ಹೋದ ವರ್ಷ ಎಲ್ಲಾದ್ರೂ ಬಿದ್ದಿದ್ರಾ?

"ವಯಸ್ಸಾತು ಬಿಡ್ರಿ, ಬೀಳೋದು ಏಳೋದು ಇದ್ದದ್ದೆ." ದಾವಣಗೆರೆ, ಚಿತ್ರದುರ್ಗದ ಕಡೆ ಹಿರಿಯರನ್ನು ಮಾತಾಡಿಸಿದರೆ ಬರುವ ಉತ್ತರ ಇದು. ಬಚ್ಚಲಲ್ಲಿ ಜಾರಿದ್ದು, ಹೊಸ್ತಿಲು ಎಡವಿದ್ದು, ನಡುರಾತ್ರಿ ಎದ್ದಾಗ ಬವಳಿ ಬಂದು ಗೋಡೆ ಹಿಡಿದದ್ದು ಅವರ ಲೆಕ್ಕದಲ್ಲಿ ಕಾಯಿಲೆಗೆ ಸೇರುವುದಿಲ್ಲ, ಡಾಕ್ಟರ ಮುಂದೆ ಹೇಳುವ ಸಂಗತಿಯೂ ಆಗುವುದಿಲ್ಲ. ಹೇಳಿದರೆ ಮಕ್ಕಳು ಸಂತೆಗೆ, ಹೊಲಕ್ಕೆ, ಗುಡಿಗೆ ಬಿಡಲಿಕ್ಕಿಲ್ಲ ಎಂಬ ಅಂಜಿಕೆ ಬೇರೆ. ಹೀಗಾಗಿ ಮೊದಲ ಮೂರು ಸಲ ಬಿದ್ದದ್ದು ಯಾರಿಗೂ ಗೊತ್ತಾಗುವುದಿಲ್ಲ. ನಾಲ್ಕನೆಯ ಸಲ ತೊಡೆ ಮೂಳೆಯ ಕತ್ತು ಮುರಿದಾಗಲೇ ಆಸ್ಪತ್ರೆಗೆ ಸುದ್ದಿ ಮುಟ್ಟುತ್ತದೆ.

ಅಕಸ್ಮಾತ್ ಗಾಯಗಳಿಂದ ಆಗುವ ಸಾವುಗಳಲ್ಲಿ ರಸ್ತೆ ಅಪಘಾತ ಬಿಟ್ಟರೆ ಮುಂದಿನ ಸ್ಥಾನ ಬೀಳುವುದರದ್ದು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ವರ್ಷಕ್ಕೆ 6,84,000 ಜನ ಬಿದ್ದು ಸಾಯುತ್ತಾರೆ. ಅತಿ ಹೆಚ್ಚು ಸಾವು 60 ದಾಟಿದವರಲ್ಲಿ. ಆದರೆ ಒಬ್ಬೊಬ್ಬರದೂ ಕಾರಣ ಹುಡುಕುತ್ತ ಹೋದರೆ 'ವಯಸ್ಸು' ಎಂಬುದು ಕೊನೆಗೆ ಬರುತ್ತದೆ. ಅದಕ್ಕೂ ಮೊದಲು ಕೈಗೆ ಸಿಗುವುದು ಸೋತ ತೊಡೆ, ನಿಂತಾಗ ಇಳಿಯುವ ಬಿಪಿ, ಬೇಡದ ಮಾತ್ರೆ, ಜೋಮು ಹಿಡಿದ ಪಾದ, ಪೊರೆ ಬಂದ ಕಣ್ಣು. ಇವನ್ನು ಹಿಡಿಯಲು ದೊಡ್ಡಾಸ್ಪತ್ರೆ ಬೇಕಿಲ್ಲ. ಊರ ಹತ್ತಿರದ ಸರ್ಕಾರಿ ಆರೋಗ್ಯ ಕೇಂದ್ರ, ಅಂದರೆ ಆಯುಷ್ಮಾನ್ ಆರೋಗ್ಯ ಮಂದಿರದಲ್ಲೇ ಒಂದು ಗಟ್ಟಿ ಕುರ್ಚಿ, ಬಿಪಿ ಯಂತ್ರ, ಸಮಯ ನೋಡಲು ಮೊಬೈಲ್ ಇದ್ದರೆ ಇಪ್ಪತ್ತು ನಿಮಿಷದ ಕೆಲಸ.

ಪ್ರಶ್ನೆಯಂತೂ ಈಗಾಗಲೇ ಕಾಗದದ ಮೇಲಿದೆ. 30 ದಾಟಿದವರಿಗಾಗಿ ಆಶಾ ಕಾರ್ಯಕರ್ತೆ ಮನೆಗೆ ತರುವ, ಕಾಯಿಲೆಯ ಅಪಾಯ ಅಳೆಯುವ ಪ್ರಶ್ನೆಗಳ ಸಿಬ್ಯಾಕ್ ಫಾರಂನಲ್ಲಿ 60 ಮೀರಿದವರಿಗೆಂದೇ ಕೆಲವು ಪ್ರಶ್ನೆಗಳಿವೆ. ನಿಲ್ಲುವಾಗ, ನಡೆಯುವಾಗ ಆಯ ತಪ್ಪಿದಂತಾಗುತ್ತದೆಯೇ ಎಂಬುದು ಅವುಗಳಲ್ಲೊಂದು. 'ಹೌದು' ಎಂಬ ಚೌಕಕ್ಕೆ ಗುರುತು ಬಿದ್ದ ಮೇಲೆ ಮುಂದೇನು ಎಂಬಲ್ಲೇ ದಾರಿ ನಿಂತುಬಿಡುತ್ತದೆ. ಆ ದಾರಿಯನ್ನು ಇಲ್ಲಿ ಹಂತಹಂತವಾಗಿ ಬರೆಯುತ್ತಿದ್ದೇನೆ. ಆಶಾ, ಸಮುದಾಯ ಆರೋಗ್ಯ ಅಧಿಕಾರಿ, ಮನೆಯ ಮಗ, ಸೊಸೆ, ಯಾರು ಓದಿದರೂ ತಮ್ಮ ಪಾಲಿನದನ್ನು ತೆಗೆದುಕೊಳ್ಳಬಹುದು.

ಆ ಪ್ರಶ್ನೆಯ ಜೊತೆ ಇನ್ನೆರಡನ್ನು ಸೇರಿಸಬೇಕು: ಹೋದ ಒಂದು ವರ್ಷದಲ್ಲಿ ಬಿದ್ದಿದ್ದೀರಾ? ಬಿದ್ದೇನು ಎಂಬ ಹೆದರಿಕೆ ಇದೆಯಾ? ಮೂರರಲ್ಲಿ ಒಂದಕ್ಕೆ ಹೌದು ಎಂದರೂ ಪರೀಕ್ಷೆಗೆ ಕರೆಯಬೇಕು. ಕೇಳುವ ರೀತಿಯಲ್ಲೇ ಅರ್ಧ ಕೆಲಸ ಇದೆ. "ಬಿದ್ದಿದ್ರಾ?" ಅಂದರೆ "ಇಲ್ಲ" ಅನ್ನುತ್ತಾರೆ. "ಎಲ್ಲಾದ್ರೂ ಜಾರಿದ್ದು, ಎಡವಿದ್ದು, ಕೂತಲ್ಲೇ ಕುಸಿದದ್ದು ಉಂಟಾ? ಯುಗಾದಿ ಆದಮೇಲೆ?" ಎಂದು ಹಬ್ಬದ ಗುರುತು ಕೊಟ್ಟು ಕೇಳಿದರೆ ನೆನಪು ಬರುತ್ತದೆ. ಸೊಸೆಯನ್ನೋ ಮೊಮ್ಮಗಳನ್ನೋ ಬೇರೆಯಾಗಿ ಕೇಳಿದರೆ ಇನ್ನೆರಡು ಸಂಗತಿ ಹೊರಬೀಳುತ್ತವೆ. ಬಿದ್ದದ್ದು ಹೌದಾದರೆ ಎಲ್ಲಿ, ಎಷ್ಟು ಹೊತ್ತಿಗೆ, ಏನು ಮಾಡುವಾಗ, ಮುಂಚೆ ಕಣ್ಣು ಕತ್ತಲೆ ಬಂತೇ, ತಾವೇ ಎದ್ದರೇ ಎಂಬ ಐದನ್ನು ಬರೆದಿಡಿ. ವರ್ಷದಲ್ಲಿ ಎರಡು ಸಲಕ್ಕಿಂತ ಕಡಿಮೆಯಿಲ್ಲದೆ ಬಿದ್ದವರು, ಬಿದ್ದು ಗಾಯ ಮಾಡಿಕೊಂಡವರು, ಪ್ರಜ್ಞೆ ತಪ್ಪಿದವರು, ಬಿದ್ದ ಮೇಲೆ ತಾವಾಗಿ ಏಳಲಾಗದೆ ನೆಲದ ಮೇಲೇ ಉಳಿದವರು, ಇವರನ್ನು ಅದೇ ವಾರ ವೈದ್ಯಾಧಿಕಾರಿಗೆ ತೋರಿಸಬೇಕು. ಪ್ರಜ್ಞೆ ತಪ್ಪಿದ್ದರೆ ಇಸಿಜಿ ಆಗಲೇಬೇಕು, ಏಕೆಂದರೆ ಹೃದಯದ ಬಡಿತ ತಪ್ಪಿ ಬಿದ್ದವರಿಗೆ ಬಚ್ಚಲಿಗೆ ಹಿಡಿಕೆ ಹಾಕಿ ಉಪಯೋಗವಿಲ್ಲ.

ಪರೀಕ್ಷೆಯಲ್ಲಿ ಮೊದಲನೆಯದು ಎದ್ದು ನಡೆದು ಬರುವುದು. ಕುರ್ಚಿಯ ಮುಂಗಾಲಿನಿಂದ ಮೂರು ಮೀಟರ್ ಅಳೆದು ನೆಲಕ್ಕೆ ಬಣ್ಣದ ಪಟ್ಟಿ ಅಂಟಿಸಿ. ಹಿರಿಯರು ದಿನಾ ಹಾಕುವ ಚಪ್ಪಲಿಯಲ್ಲೇ, ಕೋಲು ಬಳಸುವವರಾದರೆ ಕೋಲಿನ ಸಮೇತ, ಬೆನ್ನಾನಿಸಿ ಕೂರಲಿ. 'ಹೂಂ, ಏಳಿ' ಎಂದ ಕ್ಷಣದಿಂದ ಸಮಯ ಹಿಡಿಯಿರಿ. ಎದ್ದು, ತಮ್ಮ ಮಾಮೂಲಿ ನಡಿಗೆಯಲ್ಲಿ ಪಟ್ಟಿಯವರೆಗೆ ಹೋಗಿ, ತಿರುಗಿ ಬಂದು ಕೂತಾಗ ನಿಲ್ಲಿಸಿ. 12 ಸೆಕೆಂಡು ಅಥವಾ ಹೆಚ್ಚಾದರೆ ಬೀಳುವ ಅಪಾಯ ಇದೆ ಎಂದರ್ಥ. ಕೆಡುವುದು ಸಣ್ಣ ಸಣ್ಣ ಕಡೆ. ಪ್ಲಾಸ್ಟಿಕ್ ಕುರ್ಚಿ ಹಿಂದಕ್ಕೆ ಸರಿಯುತ್ತದೆ, ಕೂರುವಾಗ ಕಾಲು ಬಾಗುತ್ತದೆ. ಮರದ್ದೋ ಕಬ್ಬಿಣದ್ದೋ ತಂದು ಗೋಡೆಗೆ ಒತ್ತಿ ಇಡಿ. ಮಗ ಪಕ್ಕದಲ್ಲಿ ತೋಳು ಹಿಡಿದು ನಡೆದರೆ ಅಳತೆ ಸುಳ್ಳಾಗುತ್ತದೆ. 'ಬೇಗ ಬೇಗ' ಎಂದರೆ ಓಡುತ್ತಾರೆ, ಅಲ್ಲೇ ಬೀಳುತ್ತಾರೆ. ನೀವು ಒಂದು ತೋಳಿನ ದೂರದಲ್ಲಿ, ಹಿಂಬದಿಗೆ, ಕೈ ಚಾಚಿದರೆ ಸಿಗುವ ಹಾಗೆ ನಡೆಯಿರಿ, ಮುಟ್ಟಬೇಡಿ. ಸಮಯಕ್ಕಿಂತ ಹೆಚ್ಚಾಗಿ ಕಣ್ಣಿಗೆ ಕೆಲಸ ಕೊಡಿ. ತಿರುಗುವಾಗ ಎಷ್ಟು ಸಣ್ಣ ಹೆಜ್ಜೆ, ಕಾಲು ಎಳೆಯುತ್ತಾರೆಯೇ, ಒಂದು ಕೈ ಬೀಸದೆ ಅಂಟಿಕೊಂಡಿದೆಯೇ, ಗೋಡೆ ಮುಟ್ಟುತ್ತಾರೆಯೇ ಎಂದು ನೋಡಿ. ನಡೆಯುತ್ತಿರುವಾಗ "ಎಷ್ಟು ಮೊಮ್ಮಕ್ಕಳು?" ಎಂದು ಕೇಳಿ ನೋಡಿದರೆ ಕೆಲವರು ಉತ್ತರ ಕೊಡಲು ನಿಂತುಬಿಡುತ್ತಾರೆ. ನಡೆಯುವುದಕ್ಕೇ ಪೂರ್ತಿ ಗಮನ ಬೇಕಾಗುತ್ತಿದೆ ಎಂಬುದರ ಗುರುತು ಅದು. ಇದನ್ನು ಸಮಯ ಹಿಡಿದ ಸುತ್ತಿನಲ್ಲಿ ಮಾಡಬೇಡಿ, ಇನ್ನೊಂದು ಸುತ್ತು ನಡೆಸಿ ಕೇಳಿ.

ಎರಡನೆಯದು ಕುರ್ಚಿಯಿಂದ ಏಳುವ ಎಣಿಕೆ. ಆಸನದ ಎತ್ತರ ಸುಮಾರು 43 ಸೆಂ.ಮೀ. ಇರಲಿ. ಎರಡೂ ಕೈ ಎದೆಯ ಮೇಲೆ ಅಡ್ಡ ಕಟ್ಟಿ, 30 ಸೆಕೆಂಡಿನಲ್ಲಿ ಪೂರ್ತಿ ನೆಟ್ಟಗೆ ಎದ್ದು ಪೂರ್ತಿ ಕೂರುವುದು ಎಷ್ಟು ಸಲ? ಕೈ ಊರಿ ಎದ್ದರೆ ಸೊನ್ನೆ. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಕೊಡುವ ಪಟ್ಟಿಯಲ್ಲಿ 65ರಿಂದ 69ರ ಗಂಡಸರಿಗೆ 12, ಹೆಂಗಸರಿಗೆ 11ಕ್ಕಿಂತ ಕಡಿಮೆಯಾದರೆ ಕಾಲಿನ ಬಲ ಸಾಲದು. 75ರಿಂದ 79ಕ್ಕೆ 11 ಮತ್ತು 10. 80ರಿಂದ 84ಕ್ಕೆ 10 ಮತ್ತು 9. ನಮ್ಮ ಹಿರಿಯರ ಮೈಕಟ್ಟಿಗೆ ಆ ಗೆರೆಯನ್ನು ಕಟ್ಟುನಿಟ್ಟಾಗಿ ಹಿಡಿಯಬೇಕಿಲ್ಲ. ಅದೇ ವ್ಯಕ್ತಿಯ ಇಂದಿನ ಎಣಿಕೆಯನ್ನು ಮೂರು ತಿಂಗಳ ಮುಂದಿನ ಎಣಿಕೆಯ ಜೊತೆ ಹೋಲಿಸುವುದೇ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಇದಾದ ಮೇಲೆ ನಿಲ್ಲುವ ಪರೀಕ್ಷೆ: ಒಂದು ಪಾದದ ಹೆಬ್ಬೆರಳಿಗೆ ಇನ್ನೊಂದು ಪಾದದ ಹಿಮ್ಮಡಿ ತಾಗುವಂತೆ ಒಂದರ ಹಿಂದೊಂದು ಇಟ್ಟು, ಕಣ್ಣು ತೆರೆದು, ಏನೂ ಹಿಡಿಯದೆ 10 ಸೆಕೆಂಡು. ಅಷ್ಟು ನಿಲ್ಲಲಾಗದವರಿಗೆ ಆಯದ ವ್ಯಾಯಾಮ ಬೇಕೇ ಬೇಕು.

ಇನ್ನು ಎಲ್ಲೆಡೆ ತಪ್ಪಿಹೋಗುವ, ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದ ಪರೀಕ್ಷೆ: ನಿಂತಾಗಿನ ಬಿಪಿ. ಸರದಿಯಲ್ಲಿ ಕೂತವರ ತೋಳಿಗೆ ಪಟ್ಟಿ ಸುತ್ತಿ ಒಂದು ಅಂಕಿ ಬರೆದರೆ ಬಿಪಿ ನೋಡಿದಂತಾಯಿತು, ಆದರೆ ಅವರು ಯಾಕೆ ಬೀಳುತ್ತಾರೆ ಎಂಬುದು ತಿಳಿಯಲಿಲ್ಲ. ಬೆಂಚಿನ ಮೇಲೆ ಐದು ನಿಮಿಷ ಅಂಗಾತ ಮಲಗಿಸಿ ನೋಡಿ. ಪಟ್ಟಿ ಬಿಚ್ಚದೆ ಎಬ್ಬಿಸಿ ನಿಲ್ಲಿಸಿ. ನಿಂತು ಒಂದು ನಿಮಿಷ ಆದಾಗ ಒಮ್ಮೆ, ಮೂರು ನಿಮಿಷ ಆದಾಗ ಇನ್ನೊಮ್ಮೆ ನೋಡಿ, ತೋಳು ಎದೆಯ ಮಟ್ಟದಲ್ಲೇ ಇರಲಿ. ಮೇಲಿನ ಅಂಕಿ 20 ಅಥವಾ ಹೆಚ್ಚು ಇಳಿದರೆ, ಕೆಳಗಿನದು 10 ಇಳಿದರೆ, ಅಥವಾ ಅಂಕಿ ಏನೇ ಇರಲಿ ತಲೆ ತಿರುಗಿದರೆ, ಕಾರಣ ಅಲ್ಲೇ ಸಿಕ್ಕಿತು. 150 ಇದ್ದದ್ದು 118ಕ್ಕೆ ಬಂದರೆ ನೋಡುವವರಿಗೆ ಎರಡೂ ದೊಡ್ಡ ತೊಂದರೆಯ ಅಂಕಿಗಳಲ್ಲ. ಮಿದುಳಿಗೆ ಮಾತ್ರ ಆ 32ರ ಇಳಿತ ಗೊತ್ತಾಗುತ್ತದೆ. ಒಂದೇ ಸಲ ನೋಡಿ ಬಿಡುವುದರಿಂದ ಇದು ಕೈತಪ್ಪುತ್ತದೆ: ಕೆಲವರಿಗೆ ನಿಂತ ಕೂಡಲೇ ಇಳಿಯುತ್ತದೆ, ಕೆಲವರಿಗೆ ಮೂರನೆಯ ನಿಮಿಷಕ್ಕೆ.

ಹೀಗೆ ಇಳಿಯುವುದಕ್ಕೆ ನಮ್ಮ ಬಯಲುಸೀಮೆಯಲ್ಲಿ ಹಲವು ಕಾರಣ ಸೇರಿಕೊಳ್ಳುತ್ತವೆ. ಏಪ್ರಿಲ್, ಮೇ ತಿಂಗಳ ಬಿಸಿಲು ಮೈಯ ನೀರು ಹೀರುತ್ತದೆ. ಮೂತ್ರ ಹೆಚ್ಚಿಸುವ ಬಿಪಿ ಮಾತ್ರೆ ಉಳಿದದ್ದನ್ನೂ ತೆಗೆಯುತ್ತದೆ. ರಾತ್ರಿ ಏಳಬೇಕಾಗುತ್ತದೆ ಎಂದು ಹಿರಿಯರು ಸಂಜೆಯಿಂದ ನೀರು ಕುಡಿಯುವುದನ್ನೇ ಬಿಟ್ಟಿರುತ್ತಾರೆ. ಮಧ್ಯಾಹ್ನ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಹೊಟ್ಟೆ ತುಂಬ ಮುದ್ದೆ ಉಂಡು ಒಮ್ಮೆಗೇ ಎದ್ದರೆ, ಊಟದ ನಂತರ ರಕ್ತ ಹೊಟ್ಟೆಯ ಕಡೆ ಹರಿದಿರುವುದರಿಂದ ಇಳಿತ ಇನ್ನೂ ಜೋರು. ಪರಿಹಾರ ಸುಲಭ. ಏಳುವ ಮುಂಚೆ ಪಾದವನ್ನು ಹತ್ತು ಸಲ ಮೇಲೆ ಕೆಳಗೆ ಆಡಿಸಬೇಕು, ಮಂಚದ ಅಂಚಿನಲ್ಲಿ ಎರಡು ನಿಮಿಷ ಕೂರಬೇಕು, ಎದ್ದು ನಿಂತಲ್ಲೇ ಹತ್ತು ಎಣಿಸಿ ಆಮೇಲೆ ಹೆಜ್ಜೆ ಇಡಬೇಕು. ಬೆಳಿಗ್ಗೆ ಏಳುವ ಮುನ್ನ ಎರಡು ಲೋಟ ನೀರು ಕುಡಿದರೆ ನಿಂತಾಗಿನ ಬಿಪಿ ಕೊಂಚ ಹೊತ್ತು ಏರುತ್ತದೆ. ಹೃದಯ, ಮೂತ್ರಪಿಂಡದ ತೊಂದರೆಗೆ ನೀರು ಮಿತಿ ಮಾಡಿಸಿಕೊಂಡವರು ಮಾತ್ರ ಇದನ್ನು ಕೇಳಿಯೇ ಮಾಡಬೇಕು. ಬಿಪಿ ಮಾತ್ರೆಯನ್ನು ತಾವಾಗಿ ನಿಲ್ಲಿಸಬಾರದು. ಹಿಡಿತಕ್ಕೆ ಸಿಗದ ಬಿಪಿಯಲ್ಲೂ ನಿಂತಾಗ ಇಳಿತ ಆಗುತ್ತದೆ, ಮಾತ್ರೆ ಬಿಟ್ಟರೆ ಅದು ಕೆಡುವುದೇ ಹೆಚ್ಚು. ಯಾವುದನ್ನು, ಎಷ್ಟು ಹೊತ್ತಿಗೆ ಎಂಬುದನ್ನು ವೈದ್ಯರು ಬದಲಿಸಬೇಕು. ಮೂತ್ರ ಹೆಚ್ಚಿಸುವ ಮಾತ್ರೆ ಸಂಜೆಯಿಂದ ಬೆಳಿಗ್ಗೆಗೆ ಬಂದರೆ ರಾತ್ರಿಯ ಎರಡು ಓಡಾಟ ತಪ್ಪುತ್ತವೆ.

ಇಲ್ಲಿಂದ ಮಾತ್ರೆ ಚೀಲಕ್ಕೆ ಬರೋಣ. ಹಿರಿಯರು ಪರೀಕ್ಷೆಗೆ ಬರುವಾಗ ಮನೆಯಲ್ಲಿರುವ ಎಲ್ಲಾ ಮಾತ್ರೆ, ಟಾನಿಕ್, ಪುಡಿ, ಎಣ್ಣೆ ಒಂದು ಕೈಚೀಲಕ್ಕೆ ಹಾಕಿ ತರಬೇಕು. ಚೀಟಿ ತಂದರೆ ಸಾಲದು, ಚೀಟಿಯಲ್ಲಿ ಇಲ್ಲದ್ದೇ ಹೆಚ್ಚಾಗಿರುತ್ತದೆ. ಮೇಜಿನ ಮೇಲೆ ಸುರಿದು ಒಂದೊಂದನ್ನೂ "ಇದು ಯಾತಕ್ಕೆ, ಯಾರು ಕೊಟ್ಟದ್ದು, ಯಾವಾಗಿನಿಂದ?" ಎಂದು ಕೇಳಿ. ಊರ ಡಾಕ್ಟರು ಬರೆದದ್ದೊಂದು, ದಾವಣಗೆರೆಯಲ್ಲಿ ತೋರಿಸಿದಾಗ ಬರೆದದ್ದೊಂದು, ಹೆಸರು ಬೇರೆ, ಒಳಗಿನ ಔಷಧ ಒಂದೇ ಆಗಿ ಬಿಪಿಯ ಆಮ್ಲೋಡಿಪಿನ್ ದಿನಕ್ಕೆ ಎರಡು ಪಾಲು ಹೊಟ್ಟೆಗೆ ಹೋಗುತ್ತಿರುವುದು ಹೀಗೆ ಸಿಕ್ಕಿಬೀಳುತ್ತದೆ. ಬೀಳಿಸುವ ಮಾತ್ರೆಗಳಲ್ಲಿ ಮುಂದಿನ ಸಾಲಿನವು ನಿದ್ದೆಯ ಆಲ್ಪ್ರಜೋಲಾಂ, ಕ್ಲೋನಾಜೆಪಾಂ. ಇವನ್ನು ಥಟ್ಟನೆ ನಿಲ್ಲಿಸಿದರೆ ನಡುಕ, ನಿದ್ದೆಗೇಡು, ಕೆಲವೊಮ್ಮೆ ಫಿಟ್ಸ್ ಬರುತ್ತದೆ. ವಾರಗಟ್ಟಲೆ ಸ್ವಲ್ಪ ಸ್ವಲ್ಪ ಇಳಿಸುತ್ತ ಬಿಡಿಸಬೇಕು. ನೆಗಡಿಯ ಕ್ಲೋರ್‌ಫೆನಿರಮಿನ್, ನರನೋವಿನ ಅಮಿಟ್ರಿಪ್ಟಿಲಿನ್, ಪ್ರಿಗ್ಯಾಬಲಿನ್, ನೋವಿನ ಟ್ರಮಡಾಲ್, ಪ್ರಾಸ್ಟೇಟಿನ ಟ್ಯಾಮ್ಸುಲೋಸಿನ್, ಇವೆಲ್ಲ ಮಂಪರನ್ನೋ ನಿಂತಾಗಿನ ಇಳಿತವನ್ನೋ ತರುವಂಥವು.

ತಲೆಸುತ್ತಿನ ಮಾತ್ರೆಯ ಬಗ್ಗೆ ಬೇರೆಯಾಗಿಯೇ ಹೇಳಬೇಕು, ಏಕೆಂದರೆ ಅದರಿಂದ ಆಗುವ ಹಾನಿಯನ್ನು ವಯಸ್ಸಿನ ಲೆಕ್ಕಕ್ಕೆ ಬರೆದುಬಿಡುತ್ತಾರೆ. ಚಕ್ಕರ್ ಬಂತೆಂದು ಐದು ದಿನಕ್ಕೆ ಕೊಟ್ಟ ಪ್ರೊಕ್ಲೋರ್‌ಪೆರಜಿನ್ ಅಥವಾ ಸಿನರಿಜಿನ್ ಅನ್ನು ಅಂಗಡಿಯಿಂದ ತಂದು ತಂದು ವರ್ಷಗಟ್ಟಲೆ ನುಂಗಿದರೆ ಪಾರ್ಕಿನ್ಸನ್ ಕಾಯಿಲೆಯಂಥದೇ ಲಕ್ಷಣ ಬರುತ್ತದೆ: ಮೈ ಬಿಗಿ, ಎಳೆಯುವ ಹೆಜ್ಜೆ, ಭಾವವಿಲ್ಲದ ಮುಖ, ಹಿಂದಕ್ಕೆ ಬೀಳುವುದು. ತಲೆಸುತ್ತು ಕಡಿಮೆಯಾಗಲೆಂದು ತಿಂದ ಮಾತ್ರೆಯೇ ಬೀಳಿಸುತ್ತದೆ. ನಿಲ್ಲಿಸಿದರೆ ತಿಂಗಳುಗಳಲ್ಲಿ ಬಹುತೇಕರಿಗೆ ಇಳಿಯುತ್ತದೆ. ಹಾಸಿಗೆಯಲ್ಲಿ ಮಗ್ಗಲು ಬದಲಿಸಿದಾಗ, ಮೇಲಿನ ಗೂಡಿಗೆ ಕತ್ತೆತ್ತಿದಾಗ ಅರೆ ನಿಮಿಷ ಮನೆಯೇ ತಿರುಗಿದಂತಾದರೆ ಅದು ಒಳಗಿವಿಯ ಹರಳು ಜಾಗ ತಪ್ಪಿದ್ದು. ಅದಕ್ಕೆ ಮಾತ್ರೆ ಬೇಡ. ತಲೆಯನ್ನು ಕ್ರಮವಾಗಿ ಹೊರಳಿಸುವ ಎಪ್ಲಿ ವಿಧಾನವನ್ನು ಕಲಿತ ವೈದ್ಯರು ಮಾಡಿದರೆ ಒಂದೆರಡು ಸಲಕ್ಕೇ ಹೆಚ್ಚಿನವರಿಗೆ ಗುಣವಾಗುತ್ತದೆ.

ಸಂತೆಯಲ್ಲಿ ಸಿಗುವ ಹೆಸರಿಲ್ಲದ ಕೀಲುನೋವಿನ ಪುಡಿ, ಉಂಡೆಗಳನ್ನೂ ಚೀಲದಿಂದ ಹೊರತೆಗೆಸಿ. ಎರಡೇ ದಿನಕ್ಕೆ ಮಂಡಿನೋವು ಮಾಯವಾಗಿದ್ದರೆ ಅದರಲ್ಲಿ ಸ್ಟೀರಾಯ್ಡ್ ಬೆರೆತಿರುವ ಅನುಮಾನ ಪಡಬೇಕು. ಅದು ತೊಡೆಯ ಮಾಂಸಖಂಡ ಕರಗಿಸುತ್ತದೆ, ಮೂಳೆ ಟೊಳ್ಳು ಮಾಡುತ್ತದೆ. ಬಹಳ ದಿನ ತಿಂದವರು ಒಮ್ಮೆಗೇ ಬಿಡದೆ ವೈದ್ಯರಿಗೆ ತಿಳಿಸಿ ಬಿಡಬೇಕು.

ಸಕ್ಕರೆ ಕಾಯಿಲೆಯವರಲ್ಲಿ ಎರಡು ದಾರಿಯಿಂದ ಬೀಳುವಿಕೆ ಬರುತ್ತದೆ. ಗ್ಲಿಬೆನ್‌ಕ್ಲಮೈಡ್, ಗ್ಲಿಮೆಪಿರೈಡ್, ಇನ್ಸುಲಿನ್ ತೆಗೆದುಕೊಂಡು ಸೋಮವಾರದ ಉಪವಾಸ, ಶಿವರಾತ್ರಿಯ ಜಾಗರಣೆ ಮಾಡಿದರೆ ಸಕ್ಕರೆ 70ಕ್ಕಿಂತ ಕೆಳಗಿಳಿದು ಬೆವರು, ನಡುಕ, ಕುಸಿತ. ವ್ರತ ಬಿಡಿ ಎಂದು ಹೇಳಿದರೆ ಯಾರೂ ಕೇಳುವುದಿಲ್ಲ. ವ್ರತದ ದಿನ ಮಾತ್ರೆ ಹೇಗೆ ಎಂಬುದನ್ನು ಮೊದಲೇ ಬರೆಸಿಕೊಳ್ಳುವುದು ಸರಿಯಾದ ದಾರಿ. ಸೊರಗಿದ ಹಿರಿಯರಿಗೆ, ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ 8ರ ಒಳಗಿದ್ದರೆ ಸಾಕು, 6ಕ್ಕೆ ಇಳಿಸುವ ಹಟ ಬೇಡ. ಇನ್ನೊಂದು ದಾರಿ ಪಾದದ ಜೋಮು. ಅದನ್ನು ನೋಡಲು ಉಪಕರಣ ಇಲ್ಲದಿದ್ದರೂ ನಡೆಯುತ್ತದೆ: ಕಣ್ಣು ಮುಚ್ಚಿಸಿ, ಎರಡೂ ಪಾದದ ಹೆಬ್ಬೆರಳು, ನಡುಬೆರಳು, ಕಿರುಬೆರಳ ತುದಿಯನ್ನು ನಿಮ್ಮ ತೋರುಬೆರಳಿನಿಂದ ಗರಿ ಸೋಕಿದಷ್ಟೇ ಹಗುರವಾಗಿ ಒಂದೆರಡು ಸೆಕೆಂಡು ಮುಟ್ಟಿ. ಆರರಲ್ಲಿ ಎರಡು ಅಥವಾ ಹೆಚ್ಚು ತಿಳಿಯದಿದ್ದರೆ ಪಾದಕ್ಕೆ ನೆಲ ತಿಳಿಯುತ್ತಿಲ್ಲ. ವರ್ಷಗಳಿಂದ ಮೆಟ್‌ಫಾರ್ಮಿನ್ ತಿನ್ನುವವರಲ್ಲಿ ಬಿ12 ಕೊರತೆಯೂ ಇದೇ ಜೋಮನ್ನು ತರುತ್ತದೆ, ಅದನ್ನು ಸರಿಪಡಿಸಬಹುದು.

ನಮ್ಮ ಎರಡು ಜಿಲ್ಲೆಗಳಿಗೆ ಸೇರಿದ ಇನ್ನೊಂದು ಮಾತು. ಜಗಳೂರು, ಚಳ್ಳಕೆರೆ, ಮೊಳಕಾಲ್ಮೂರು ಕಡೆಯ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಹೆಚ್ಚು. ಕುಡಿಯುವ ನೀರಲ್ಲಿ ಲೀಟರಿಗೆ 1 ಮಿ.ಗ್ರಾಂ. ಒಳಗಿರಬೇಕು, ಬೇರೆ ಮೂಲವೇ ಇಲ್ಲದಾಗ 1.5ರವರೆಗೆ. ಹತ್ತಾರು ವರ್ಷ ಅದಕ್ಕಿಂತ ಹೆಚ್ಚಿನದನ್ನು ಕುಡಿದವರ ಕತ್ತು, ಬೆನ್ನು, ಮಂಡಿ ಬಿಗಿಯುತ್ತವೆ. ಕತ್ತು ಬಗ್ಗದವರಿಗೆ ತಮ್ಮ ಪಾದ ಇಡುವ ಜಾಗ ಕಾಣುವುದಿಲ್ಲ, ಬೆನ್ನು ತಿರುಗದವರು ಎಡವಿದಾಗ ಮೈಯನ್ನು ಸಾವರಿಸಿಕೊಳ್ಳಲಾರರು. ಎಕ್ಸ್‌ರೇಯಲ್ಲಿ ಮೂಳೆ ದಟ್ಟವಾಗಿ ಬೆಳ್ಳಗೆ ಕಂಡರೂ ಅದು ಗಟ್ಟಿ ಮೂಳೆಯಲ್ಲ. ಇಂಥವರ ಕಾಲು ಕೊರಡಿನಂತೆ ಸೆಟೆದು, ಮೂತ್ರದ ಹಿಡಿತವೂ ತಪ್ಪುತ್ತಿದ್ದರೆ ಬೆನ್ನುಹುರಿ ಒತ್ತಿಕೊಂಡಿದೆ ಎಂದು ತಿಳಿದು ಕೂಡಲೇ ಜಿಲ್ಲಾಸ್ಪತ್ರೆಗೆ ಕಳಿಸಬೇಕು. ಕತ್ತನ್ನು ಬಲವಂತವಾಗಿ ತಿರುಗಿಸುವ, ತಿಕ್ಕುವ ಕೆಲಸ ಬೇಡ. ನೀರು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಗಾಢವಾಗುತ್ತದೆ. ಶುದ್ಧ ನೀರಿನ ಘಟಕದ ನೀರನ್ನು ಅಡುಗೆಗೂ ಬಳಸಬೇಕು.

ಕಣ್ಣಿನದು ಚುಟುಕಾಗಿ. ಪೊರೆ ಇದ್ದರೆ ಶಸ್ತ್ರಚಿಕಿತ್ಸೆ ಮುಂದೂಡಬೇಡಿ. ಮೇಲೊಂದು ಕೆಳಗೊಂದು ನಂಬರಿನ ಕನ್ನಡಕದಲ್ಲಿ ಮೆಟ್ಟಿಲು ಮಬ್ಬಾಗಿ ಕಾಣುತ್ತದೆ. ಓಡಾಟಕ್ಕೆ ದೂರದ ನಂಬರಿನದೇ ಬೇರೆ ಒಂದು ಇರಲಿ. ಹೊಸ ಕನ್ನಡಕ ಬಂದ ಮೊದಲ ವಾರಗಳಲ್ಲಿ ಬೀಳುವುದು ಹೆಚ್ಚು, ಆಗ ಒಬ್ಬರು ಜೊತೆಗಿರಬೇಕು.

ಇಷ್ಟೂ ಹುಡುಕಾಟದ ನಂತರ ಹೆಚ್ಚಿನವರಿಗೆ ಬೇಕಾಗುವ ಔಷಧ ಕಾಲಿನ ವ್ಯಾಯಾಮ. 2019ರಲ್ಲಿ ವೈದ್ಯಕೀಯ ಪ್ರಯೋಗಗಳನ್ನು ಒರೆಗೆ ಹಚ್ಚುವ ಕೊಕ್ರೇನ್ ಸಂಸ್ಥೆ ನೂರಕ್ಕೂ ಹೆಚ್ಚು ಪ್ರಯೋಗಗಳನ್ನು ಒಟ್ಟಿಗೆ ತೂಗಿ ನೋಡಿದಾಗ ವ್ಯಾಯಾಮದಿಂದ ಬೀಳುವಿಕೆ ಸುಮಾರು 23 ಶೇಕಡಾ ಇಳಿದದ್ದು ಕಂಡಿತು. ಆಯ ಮತ್ತು ಬಲದ ವ್ಯಾಯಾಮಕ್ಕೆ ಆ ಫಲ. ಬರೀ ವಾಕಿಂಗಿಗೆ ಹಾಗೆ ಸಾಬೀತಾಗಿಲ್ಲ. "ದಿನಾ ಎರಡು ಸುತ್ತು ನಡೀತೀನಿ" ಎನ್ನುವವರಿಗೆ ಇದನ್ನು ಬಿಡಿಸಿ ಹೇಳಬೇಕು. ನಡಿಗೆ ಹೃದಯಕ್ಕೆ ಒಳ್ಳೆಯದು, ಆದರೆ ಆಯ ತಪ್ಪಿದಾಗ ಮೈಯನ್ನು ಹಿಡಿದು ನಿಲ್ಲಿಸುವುದು ತೊಡೆ, ನಿತಂಬ, ಮೀನಖಂಡಗಳ ಬಲ.

ವಾರಕ್ಕೆ ಮೂರು ದಿನ, ಅರ್ಧ ಗಂಟೆ. ಅಡುಗೆ ಕಟ್ಟೆಯೋ ಪಡಸಾಲೆಯ ಕಂಬವೋ ಹಿಡಿಯಲು ಇರಲಿ. ಕುರ್ಚಿಯಿಂದ ಎದ್ದು ಕೂರುವುದು ಐದು ಸಲ, ಸುಧಾರಿಸಿಕೊಂಡು ಮತ್ತೆ ಐದು. ವಾರಗಳಲ್ಲಿ ಹತ್ತು ಹತ್ತಕ್ಕೆ ಏರಿಸಿ. ಮೊದಲು ಕೈ ಊರಿ, ಆಮೇಲೆ ಒಂದೇ ಕೈ, ಆಮೇಲೆ ಕೈ ಬಿಟ್ಟು. ಕಂಬ ಹಿಡಿದು ಹಿಮ್ಮಡಿ ಎತ್ತಿ ತುದಿಗಾಲಲ್ಲಿ ನಿಲ್ಲುವುದು ಹತ್ತು, ಬೆರಳು ಎತ್ತಿ ಹಿಮ್ಮಡಿಯಲ್ಲಿ ನಿಲ್ಲುವುದು ಹತ್ತು. ಕಾಲನ್ನು ಪಕ್ಕಕ್ಕೆ ಎತ್ತುವುದು ಎರಡೂ ಕಡೆ ಹತ್ತು. ಕೂತು ಮಂಡಿ ಚಾಚುವುದಕ್ಕೆ ಭಾರ ಬೇಕು: ಹಳೆ ಬಟ್ಟೆಯ ಉದ್ದ ಚೀಲದಲ್ಲಿ ಅರ್ಧ ಕಿಲೋ ಮರಳು ತುಂಬಿ ನಡುವೆ ಹೊಲಿಗೆ ಹಾಕಿ ಕಾಲ ಗಿಣ್ಣಿನ ಮೇಲೆ ಕಟ್ಟಿ. ಹತ್ತರಂತೆ ಎರಡು ಸುತ್ತು ಸಲೀಸಾದಾಗ ಇನ್ನರ್ಧ ಕಿಲೋ ಸೇರಿಸಿ. ಕೊನೆಗೆ ಕಟ್ಟೆ ಹಿಡಿದು ಹಿಮ್ಮಡಿಗೆ ಬೆರಳು ತಾಗಿಸಿ ಹತ್ತು ಹೆಜ್ಜೆ. ಮಂಡಿ ಮರುದಿನವೂ ನೋಯುತ್ತಿದ್ದರೆ ಭಾರ ಇಳಿಸಿ, ಎಣಿಕೆ ಬಿಡಬೇಡಿ. ಫಲ ಕಾಣಲು ಮೂರು ತಿಂಗಳು ಹಿಡಿಯುತ್ತದೆ, ಬಿಟ್ಟರೆ ಬಲ ಮತ್ತೆ ಇಳಿಯುತ್ತದೆ. ಜೊತೆಗೆ ಬೇಳೆ, ಕಾಳು, ಮೊಟ್ಟೆ, ಹಾಲು ಇಲ್ಲದೆ ಬರೀ ಅನ್ನ ಸಾರಿನಲ್ಲಿ ಮಾಂಸಖಂಡ ಬೆಳೆಯುವುದಿಲ್ಲ. ವಿಟಮಿನ್ ಡಿ ಕೊರತೆ ಇದ್ದರೆ ವೈದ್ಯರು ಹೇಳಿದ ಪ್ರಮಾಣದಲ್ಲಿ ತೆಗೆದುಕೊಳ್ಳಬೇಕು. ಒಂದೇ ಸಲಕ್ಕೆ ಭಾರೀ ಪ್ರಮಾಣ ಕೊಟ್ಟ ಪ್ರಯೋಗಗಳಲ್ಲಿ ಬೀಳುವಿಕೆ ಹೆಚ್ಚಿದ್ದೂ ಇದೆ, ಹಾಗಾಗಿ 60,000 ಯೂನಿಟ್ಟಿನ ಪೊಟ್ಟಣಗಳನ್ನು ತಾವೇ ತಂದು ಕುಡಿಯಬಾರದು.

ಕೋಲು ಕೊಡುವುದಾದರೆ ಅಳತೆ ನೋಡಿ ಕೊಡಿ. ಚಪ್ಪಲಿ ಹಾಕಿ, ಕೈ ಇಳಿಬಿಟ್ಟು ನೆಟ್ಟಗೆ ನಿಂತಾಗ ಹಿಡಿ ಮಣಿಕಟ್ಟಿನ ಗೆರೆಗೆ ಬರಬೇಕು, ಹಿಡಿದಾಗ ಮೊಣಕೈ ಸ್ವಲ್ಪವೇ ಬಾಗಬೇಕು. ಕುರಿಗಾಹಿಯ ಎದೆಯೆತ್ತರದ ಕೋಲು ನಾಯಿ ಬೆದರಿಸಲು ಸರಿ, ಭಾರ ಹೊರಲು ಆಗದು. ನೋವಿರುವ ಕಾಲಿನ ಎದುರು ಕೈಯಲ್ಲಿ ಹಿಡಿಯಬೇಕು. ಬಲಮಂಡಿ ನೋವಾದರೆ ಎಡಗೈ. ಇದು ಬಹಳ ಜನರಿಗೆ ಉಲ್ಟಾ ಆಗಿರುತ್ತದೆ. ಮೆಟ್ಟಿಲು ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ಕೋಲು ಮತ್ತು ನೋವಿನ ಕಾಲು ಮೊದಲು. ತುದಿಯ ರಬ್ಬರ್ ಬುಷ್ ಸವೆದು ಗೆರೆ ಮಾಯವಾದ ದಿನ ಆ ಕೋಲು ನುಣುಪು ನೆಲದ ಮೇಲೆ ಜಾರುಬಂಡಿ. ಹಾರ್ಡ್‌ವೇರ್ ಅಂಗಡಿಗೆ ಕೋಲನ್ನೇ ಒಯ್ದು ಬಿಗಿಯಾಗಿ ಕೂರುವ ಬುಷ್ ಹಾಕಿಸಿ. ಬಿಪಿಎಲ್ ಕುಟುಂಬದ, ಅಥವಾ ತಿಂಗಳ ಆದಾಯ 15,000 ರೂಪಾಯಿ ಮೀರದ 60 ದಾಟಿದವರಿಗೆ ಕೇಂದ್ರದ ರಾಷ್ಟ್ರೀಯ ವಯೋಶ್ರೀ ಯೋಜನೆಯ ಶಿಬಿರಗಳಲ್ಲಿ ಕೋಲು, ವಾಕರ್, ಕನ್ನಡಕ, ಶ್ರವಣಯಂತ್ರ ಉಚಿತ. ಹಿರಿಯರ ಸಹಾಯವಾಣಿ 14567ಕ್ಕೆ ಕರೆ ಮಾಡಿ ವಿಚಾರಿಸಬಹುದು. ಸಿಕ್ಕಿದ ಕೋಲಿನ ಗುಂಡಿ ಒತ್ತಿ ಎತ್ತರ ಸರಿಮಾಡದೆ ಮನೆಗೆ ಒಯ್ಯಬೇಡಿ.

ಹವಾಯಿ ಚಪ್ಪಲಿ ಹಿಮ್ಮಡಿಯಿಂದ ಕಳಚಿ ಹೊಸ್ತಿಲಿಗೆ ಸಿಕ್ಕಿಕೊಳ್ಳುತ್ತದೆ, ಹಿಂಬದಿ ಪಟ್ಟಿ ಇರುವುದು ಬೇಕು. ಹೊಸ್ತಿಲಿಗೆ ಅರಿಶಿನ ಹಚ್ಚುವ ನಮ್ಮ ಪದ್ಧತಿ ಇಲ್ಲಿ ತುಂಬ ಅನುಕೂಲ: ಅಂಚಿನ ಎರಡು ಇಂಚು ಅಗಲಕ್ಕೆ ಹಳದಿ ಬಣ್ಣ ಎದ್ದು ಕಂಡರೆ ಮಬ್ಬುಗಣ್ಣಿಗೂ ಎತ್ತರ ತಿಳಿಯುತ್ತದೆ. ಹಿತ್ತಲ ಪಾಯಿಖಾನೆಯ ದಾರಿಗೆ ರಾತ್ರಿಯಿಡೀ ಒಂದು ಸಣ್ಣ ಎಲ್‌ಇಡಿ, ಕರೆಂಟು ಹೋದಾಗ ಕೈಗೆ ಸಿಗುವಂತೆ ದಿಂಬಿನ ಬದಿಗೆ ಟಾರ್ಚು, ಮಳೆಗಾಲದಲ್ಲಿ ಅಂಗಳದ ಪಾಚಿಗೆ ಬ್ಲೀಚಿಂಗ್ ಪುಡಿ.

ಬಚ್ಚಲ ಹಿಡಿಕೆಗೆ ಒಂದೂಕಾಲರಿಂದ ಒಂದೂವರೆ ಇಂಚು ದಪ್ಪದ ಸ್ಟೀಲ್ ಪೈಪು, ಗೋಡೆಯಿಂದ ಒಂದೂವರೆ ಇಂಚು ಬಿಡುವು, ನೆಲದಿಂದ 33ರಿಂದ 36 ಇಂಚು ಎತ್ತರ. ಕನಿಷ್ಠ 115 ಕಿಲೋ ಜಗ್ಗಿದರೂ ಬರಬಾರದು. ಟವೆಲ್ ಹಾಕುವ ಸರಳು, ಗಾಳಿ ಹಿಡಿತದ ಪ್ಲಾಸ್ಟಿಕ್ ಹಿಡಿಕೆ ಇವು ಬೀಳುವ ಹೊತ್ತಿಗೇ ಕಿತ್ತು ಬರುತ್ತವೆ. ಟೈಲ್ಸಿನ ಹಿಂದೆ ಬರೀ ಗಾರೆ ಇದ್ದರೆ ಮೊಳೆ ನಿಲ್ಲದು, ಇಟ್ಟಿಗೆಯ ಒಳಗೆ ಮೂರು ಇಂಚು ಹೋಗುವ ಆ್ಯಂಕರ್ ಬೋಲ್ಟ್ ಬೇಕು. ಹಳೆ ಮಣ್ಣಿನ ಗೋಡೆಯ ಮನೆಯಲ್ಲಿ ಗೋಡೆ ನಂಬದೆ ನೆಲಕ್ಕೆ ಕಾಂಕ್ರೀಟ್ ಹಾಕಿ ಕಬ್ಬಿಣದ ಕಂಬ ನೆಡುವುದು ವಾಸಿ. ಕೂತು ಏಳಲಾಗದವರಿಗೆ ಪಾಯಿಖಾನೆಯ ಮೇಲಿಡುವ ತೂತಿನ ಕುರ್ಚಿ 17ರಿಂದ 19 ಇಂಚು ಎತ್ತರದ್ದು, ನಾಲ್ಕೂ ಕಾಲಿಗೆ ರಬ್ಬರ್ ಇರುವುದು. ಹಬ್ಬದ ಎಣ್ಣೆ ಸ್ನಾನದ ದಿನ ವಿಶೇಷ ಎಚ್ಚರ: ಹಿರಿಯರನ್ನು ಬಚ್ಚಲಲ್ಲಿ ಕೂರಿಸಿಯೇ ಎಣ್ಣೆ ಹಚ್ಚಿ, ಅಂಗಾಲಿಗೆ ಹಚ್ಚಬೇಡಿ, ಏಳಿಸುವ ಮುಂಚೆ ಅವರ ಪಾದವನ್ನೂ ನೆಲವನ್ನೂ ಸೀಗೆಪುಡಿಯಿಂದ ತೊಳೆಯಿರಿ.

ಇಷ್ಟಾದರೂ ಬಿದ್ದರೆ, ಗಾಬರಿಯಿಂದ ರಟ್ಟೆ ಹಿಡಿದು ಎಬ್ಬಿಸಬಾರದು. ಒಂದು ಕಾಲು ಗಿಡ್ಡವಾಗಿ ಪಾದ ಹೊರಕ್ಕೆ ತಿರುಗಿದ್ದರೆ ತೊಡೆ ಮೂಳೆ ಮುರಿದಿದೆ. ಜಗ್ಗುವುದು, ತಿಕ್ಕುವುದು, ನಾಟಿ ಕಟ್ಟು ಹಾಕಿಸುವುದು ಯಾವುದೂ ಬೇಡ, 108 ಕರೆದು ಮೂಳೆ ವೈದ್ಯರಿರುವ ಆಸ್ಪತ್ರೆಗೆ ಒಯ್ಯಿರಿ. ದಾವಣಗೆರೆಯವರಿಗೆ ಚಿಗಟೇರಿ ಜಿಲ್ಲಾಸ್ಪತ್ರೆ, ದುರ್ಗದವರಿಗೆ ಅಲ್ಲಿನ ಜಿಲ್ಲಾಸ್ಪತ್ರೆ. ಶಸ್ತ್ರಚಿಕಿತ್ಸೆ ಎರಡು ದಿನದೊಳಗೆ ಆದರೆ ಒಳ್ಳೆಯದು, ಮಲಗಿದಷ್ಟೂ ದಿನ ಕಫ, ಹುಣ್ಣು, ರಕ್ತ ಹೆಪ್ಪು ಸೇರಿಕೊಳ್ಳುತ್ತವೆ. ತಲೆಗೆ ಪೆಟ್ಟಾಗಿದ್ದು ರಕ್ತ ತೆಳು ಮಾಡುವ ಮಾತ್ರೆ ತಿನ್ನುವವರಾದರೆ, ಎದ್ದು ಮಾತಾಡುತ್ತಿದ್ದರೂ ಸ್ಕ್ಯಾನ್ ಬೇಕು. ಮೂರು ವಾರದ ನಂತರ ಮಂಕು, ತಲೆನೋವು, ಒಂದು ಕಡೆ ಶಕ್ತಿ ಕುಂದುವುದು ಕಂಡರೂ ಆ ಹಳೆ ಪೆಟ್ಟನ್ನೇ ನೆನೆಯಿರಿ. ಗಾಯ ಇಲ್ಲದಿದ್ದರೆ ಮಗ್ಗಲಾಗಿ, ಮೊಣಕೈ ಊರಿ, ಅಂಬೆಗಾಲಿಗೆ ಬಂದು, ಗಟ್ಟಿ ಕುರ್ಚಿಯ ಆಸನ ಹಿಡಿದು, ಬಲವಿರುವ ಕಾಲಿನ ಪಾದ ಮುಂದೆ ಊರಿ ತಾವೇ ಏಳುವುದನ್ನು ಚೆನ್ನಾಗಿರುವಾಗಲೇ ಚಾಪೆಯ ಮೇಲೆ ಕಲಿಸಿಡಬೇಕು.

ಮತ್ತೆ ಕೇಂದ್ರಕ್ಕೆ ಕರೆಯುವುದು ಆರು ವಾರ ಆದ ಮೇಲೆ ಒಮ್ಮೆ, ಮೂರು ತಿಂಗಳು ಆದ ಮೇಲೆ ಇನ್ನೊಮ್ಮೆ. ಬಿಪಿ ಕಾರ್ಡಿನ ಹಿಂಬದಿಯಲ್ಲಿ ನಾಲ್ಕೇ ಅಂಕಿ ಬರೆಯಿರಿ: ಆ ಅವಧಿಯಲ್ಲಿ ಬಿದ್ದ ಸಲ, ಮೂರು ಮೀಟರ್ ನಡಿಗೆಯ ಸೆಕೆಂಡು, ಕುರ್ಚಿಯಿಂದ ಎದ್ದ ಎಣಿಕೆ, ನಿಂತಾಗಿನ ಬಿಪಿ. ಎಣಿಕೆ 7 ಇದ್ದದ್ದು 9 ಆಗಿದ್ದರೆ ಚೀಲದ ಮರಳು ಹೆಚ್ಚಿಸಿ. ಏರದೇ ಇದ್ದರೆ ಬೈಯಬೇಡಿ, ಮಂಡಿನೋವು, ರಕ್ತಹೀನತೆ, ಮನಸ್ಸಿನ ಬೇಸರ ಈ ಮೂರನ್ನು ವಿಚಾರಿಸಿ. ಆಮೇಲೆ ಆ ಮರಳಿನ ಚೀಲ ಮನೆಯಲ್ಲಿ ಎಲ್ಲಿದೆ ಎಂದು ಕೇಳಿ. ಅಟ್ಟದ ಮೇಲೆ ಇಟ್ಟಿದ್ದರೆ ಕಾಲ ಬಳಿಗೆ ತರಿಸಿ, ಮೊದಲ ಹತ್ತನ್ನು ನಿಮ್ಮೆದುರೇ ಎಣಿಸಿ.